ನಂದಾದೀಪಕ್ಕೆ ಎಣ್ಣೆ ಇತ್ತು, ಸರ್ವರ್‌ಗೆ?

2025ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ‘ಜ್ಞಾನ ಭಾರತಂ’ ಎಂಬ ಯೋಜನೆ ಪ್ರಕಟವಾಯಿತು. ವಿಶ್ವವಿದ್ಯಾಲಯಗಳು, ಗ್ರಂಥಾಲಯಗಳು, ವಸ್ತುಸಂಗ್ರಹಾಲಯಗಳು, ಖಾಸಗಿ ಸಂಗ್ರಾಹಕರು ಎಲ್ಲರನ್ನೂ ಸೇರಿಸಿಕೊಂಡು ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಸಮೀಕ್ಷೆ ಮಾಡಿ, ದಾಖಲಿಸಿ, ಕಾಪಾಡುವುದು ಅದರ ಗುರಿ. ಹಸ್ತಪ್ರತಿಗಳಿಗೆಂದು ಮೂರೂವರೆ ಕೋಟಿ ಇದ್ದ ವಾರ್ಷಿಕ ಅನುದಾನ ಒಮ್ಮೆಲೇ 60 ಕೋಟಿಗೆ ಏರಿತು. ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ದೊಡ್ಡ ಸಮ್ಮೇಳನ ನಡೆದು, ಪೋರ್ಟಲ್ ಉದ್ಘಾಟನೆಯೂ ಆಯಿತು. ಅಲ್ಲಿಂದೀಚೆಗೆ ಹಳೆಯ ಗ್ರಂಥ ಇರುವ ಜಾಗಗಳಲ್ಲೆಲ್ಲ ‘ಸ್ಕ್ಯಾನಿಂಗ್’ ಎಂಬುದೇ ಮಾತು.

ಕಾಶಿಯಲ್ಲಂತೂ ಈ ಮಾತು ಹೆಚ್ಚೇ. 1791ರಲ್ಲಿ ಪಾಠಶಾಲೆಯಾಗಿ ಶುರುವಾದ ಇಲ್ಲಿನ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯದ ಸರಸ್ವತಿ ಭವನದಲ್ಲಿ ಒಂದು ಲಕ್ಷದ ಆಸುಪಾಸು ಹಸ್ತಪ್ರತಿಗಳಿವೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಯ್ಯಾಜಿರಾವ್ ಗಾಯಕ್ವಾಡ್ ಗ್ರಂಥಾಲಯವಿದೆ, ಭಾರತ ಕಲಾ ಭವನವಿದೆ. ಮೊಘಲರ ಫರ್ಮಾನುಗಳನ್ನು ಇಟ್ಟುಕೊಂಡಿರುವ ನಮ್ಮ ಜಂಗಮವಾಡಿ ಮಠವಿದೆ. ಹನುಮಾನ್ ಘಾಟ್‌ನ ಓಣಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ನನ್ನ ಹೊಟ್ಟೆಪಾಡೂ ಇದೇ ಲೋಕದ್ದು. ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿ, ಬೆಂಗಳೂರಿನಲ್ಲಿ ಬ್ಯಾಂಕಿಂಗ್ ಸಾಫ್ಟ್‌ವೇರ್ ಬರೆದು ಬೇಸತ್ತು, ಈಗ ನಾಲ್ಕು ವರ್ಷದಿಂದ ವಿಶ್ವವಿದ್ಯಾಲಯಗಳ ಡಿಜಿಟಲ್ ಯೋಜನೆಗಳಿಗೆ ತಾಂತ್ರಿಕ ಬೆಂಬಲ ಕೊಡುವ ಒಂದು ಪುಟ್ಟ ಸಂಸ್ಥೆಯಲ್ಲಿದ್ದೇನೆ. ಹಾಗಾಗಿ ಸುದ್ದಿ ಕೇಳಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಸಂತೋಷದ ಜೊತೆಗೇ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ: ಸ್ಕ್ಯಾನ್ ಮಾಡಿದ್ದನ್ನು ಹತ್ತು ವರ್ಷ ಆದಮೇಲೆ ಯಾರು ನೋಡಿಕೊಳ್ಳುತ್ತಾರೆ?

ಇದು ಅಪಶಕುನದ ಮಾತಲ್ಲ. ಅನುಭವದ ಮಾತು. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಹೊಸದನ್ನು ಕಟ್ಟುವುದಲ್ಲ, ಯಾರೋ ಕಟ್ಟಿ ಬಿಟ್ಟುಹೋದದ್ದನ್ನು ಎಬ್ಬಿಸಿ ಕೂರಿಸುವುದು. ಒಂದು ವಿಶ್ವವಿದ್ಯಾಲಯ; ಹೆಸರು ಬೇಡ. ಅಲ್ಲಿನ ಒಂದು ವಿಭಾಗ ಮೂರು ವರ್ಷದ ಯೋಜನೆಯಲ್ಲಿ ಜನಪದ ಹಾಡುಗಳ ಧ್ವನಿಮುದ್ರಣಗಳನ್ನು ಡಿಜಿಟಲ್ ಮಾಡಿಸಿತ್ತು. ಚೆಂದದ ವೆಬ್‌ಸೈಟೂ ಇತ್ತು. ಯೋಜನೆ ಮುಗಿದು ಐದು ವರ್ಷಕ್ಕೆ ಅದು ತೆರೆಯುತ್ತಿಲ್ಲ ಎಂದು ನಮಗೆ ಕರೆ ಬಂತು. ಹೋಗಿ ನೋಡಿದರೆ ಸರ್ವರ್ ಎಂಬುದು ಒಂದು ಮೇಜಿನ ಕೆಳಗಿತ್ತು, ಮೇಲೆ ಪರೀಕ್ಷಾ ಉತ್ತರಪತ್ರಿಕೆಗಳ ಕಟ್ಟು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ.

“ಸರ್, ಪಾಸ್‌ವರ್ಡ್ ಯಾರ ಹತ್ತಿರ ಇದೆ?” ಅಂದೆ.

“ಪ್ರಾಜೆಕ್ಟ್ ಹುಡುಗ ಇದ್ನಲ್ಲಪ್ಪ, ಅವನ ಹತ್ರ ಇತ್ತು. ಈಗ ಪುಣೆಯಲ್ಲಿದಾನೆ,” ಅಂದರು ಪ್ರೊಫೆಸರ್. ತುಂಬ ಒಳ್ಳೆಯವರು. ಅವರ ನಿವೃತ್ತಿಗೂ ಎಂಟು ತಿಂಗಳು ಬಾಕಿ ಇತ್ತು.

ಪುಣೆಯ ಹುಡುಗನ ಸ್ವಂತ ಜಿಮೇಲ್ ಖಾತೆಯ ಹೆಸರಿನಲ್ಲೇ ಡೊಮೇನ್ ನೋಂದಣಿಯಾಗಿತ್ತು. ಅದರ ನವೀಕರಣಕ್ಕೆ ವರ್ಷಕ್ಕೆ ಬೇಕಾದದ್ದು ಸಾವಿರ ರೂಪಾಯಿ ಚಿಲ್ಲರೆ. ಯೋಜನೆ ಮುಗಿದ ಮೇಲೆ ಆ ಸಾವಿರವನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಕಟ್ಟಬೇಕೆಂದು ಹಣಕಾಸು ವಿಭಾಗಕ್ಕೆ ಗೊತ್ತಾಗದೆ, ಆ ಹೆಸರು ಬೇರೆಯವರ ಪಾಲಾಗಿ, ನಾವು ಹೋಗುವ ಹೊತ್ತಿಗೆ ಅಲ್ಲಿ ರಮ್ಮಿ ಆಟದ ಜಾಹೀರಾತು ಬರುತ್ತಿತ್ತು. ಹಾಡುಗಳು ಸಿಕ್ಕವು, ಅದು ಅದೃಷ್ಟ. ಹಾಡಿದವರು ಯಾರು, ಯಾವ ಊರು, ಯಾವ ಸಂದರ್ಭದ ಹಾಡು ಎಂಬ ವಿವರಗಳಿದ್ದ ಡೇಟಾಬೇಸ್ ಪೂರ್ತಿ ಸಿಗಲಿಲ್ಲ. ಸಾವಿರಾರು ಫೈಲುಗಳು, ಹೆಸರು ಮಾತ್ರ ‘ಟ್ರ್ಯಾಕ್ 01’, ‘ಟ್ರ್ಯಾಕ್ 02’. ಹಾಡಿದ ಅಜ್ಜಿಯರಲ್ಲಿ ಈಗ ಎಷ್ಟು ಜನ ಇದ್ದಾರೋ, ಕೇಳಿ ತಿಳಿಯೋಣ ಎಂದರೆ ಊರಿನ ಹೆಸರೂ ಇಲ್ಲ.

ಇಂಥದ್ದು ನಮ್ಮ ದೇಶದ ಬಡ ವಿಭಾಗಗಳಲ್ಲಿ ಮಾತ್ರ ಆಗುವುದು ಎಂದುಕೊಳ್ಳಬೇಡಿ. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಿಂದ 77 ಟೆರಾಬೈಟ್ ಸಂಶೋಧನಾ ದತ್ತಾಂಶ ಅಳಿಸಿಹೋಯಿತು. ಕಾರಣ ಬೆಂಕಿಯಲ್ಲ, ಹ್ಯಾಕರ್ ಅಲ್ಲ. ಬ್ಯಾಕಪ್ ಸ್ಕ್ರಿಪ್ಟಿಗೆ ಮಾಡಿದ ಒಂದು ‘ಸುಧಾರಣೆ’. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ತಗುಲಿ, ಸರ್ಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟ್ ಸಂಗ್ರಹ ಸುಟ್ಟುಹೋಯಿತು. ಬೇರೆ ಕಡೆ ಪ್ರತಿ ಇರಲಿಲ್ಲ. ಗಾತ್ರ ಬಹಳ ದೊಡ್ಡದು, ಪ್ರತಿ ಇಡುವುದು ಕಷ್ಟ ಎಂಬುದೇ ಅದಕ್ಕೆ ಕೊಟ್ಟ ಕಾರಣ. ತಂತ್ರಜ್ಞಾನದಲ್ಲಿ ಜಗತ್ತಿಗೆ ಪಾಠ ಹೇಳುವ ಎರಡು ದೇಶಗಳ ಕತೆ ಇದು.

ನಮ್ಮದೇ ಒಂದು ದೊಡ್ಡ ಕತೆಯೂ ಇದೆ. ಹೊರನಾಡಿನಲ್ಲಿರುವ ಓದುಗರಲ್ಲಿ ಅನೇಕರು ಅದರ ಫಲ ಉಂಡಿದ್ದಾರೆ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಬಾಲಕೃಷ್ಣನ್, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಮುಂತಾದವರು ಸೇರಿ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಕಟ್ಟಿದರು. ಲಕ್ಷಗಟ್ಟಲೆ ಪುಸ್ತಕಗಳು ಸ್ಕ್ಯಾನ್ ಆದವು. ಮಾರುಕಟ್ಟೆಯಲ್ಲಿ ಸಿಗದ ಸಾವಿರಾರು ಕನ್ನಡ ಪುಸ್ತಕಗಳೂ ಅದರಲ್ಲಿದ್ದವು. ಮೊದಲಿಂದಲೂ ಆ ತಾಣ ತೆರೆಯುವುದು ಒಂದು ತಪಸ್ಸು. ಕನ್ನಡದ ಹೆಸರುಗಳನ್ನು ರೋಮನ್ ಅಕ್ಷರದಲ್ಲಿ ಮನಬಂದಂತೆ ಬರೆದಿದ್ದರಿಂದ ಬೇಕಾದ ಪುಸ್ತಕ ಹುಡುಕುವುದು ಇನ್ನೊಂದು ತಪಸ್ಸು. ಕೃತಿಸ್ವಾಮ್ಯದ ತಕರಾರು ಎದ್ದು, ಮುಂದೆ ತಾಣ ಜನರಿಗೆ ಸಿಗದಂತಾಯಿತು. ಅಷ್ಟರಲ್ಲಿ ಕಾರ್ಲ್ ಮಲಮೂಡ್ ಮತ್ತು ಸ್ವಯಂಸೇವಕರು ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸಿದ್ದರು. ಇವತ್ತು ದುಬೈಯಲ್ಲೋ ಡಲ್ಲಾಸ್‌ನಲ್ಲೋ ಕೂತು ನೀವು ಹಳೆಯ ಕನ್ನಡ ಪುಸ್ತಕವೊಂದನ್ನು ಇಳಿಸಿಕೊಳ್ಳುತ್ತೀರಿ ಎಂದರೆ, ಅದು ಕಟ್ಟಿದವರ ದಯೆಗಿಂತ ಹೆಚ್ಚಾಗಿ ಪ್ರತಿ ಮಾಡಿಟ್ಟವರ ದಯೆ.

ಪ್ರತಿ ಮಾಡುವುದು ಕನ್ನಡಕ್ಕೆ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಗೆ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಶಾಲೆಯಲ್ಲಿ ಇದನ್ನು ದಾನದ ಕತೆಯಾಗಿ ಓದಿದ್ದೆವು. ಈ ಕೆಲಸಕ್ಕೆ ಬಂದ ಮೇಲೆ ನನಗದು ಬೇರೆಯದೇ ರೀತಿ ಕಾಣುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1999ರಲ್ಲಿ ಗ್ರಂಥಾಲಯದವರು ಒಂದು ವ್ಯವಸ್ಥೆ ರೂಪಿಸಿದರು. ಹೆಚ್ಚು ಪ್ರತಿಗಳಿದ್ದರೆ ವಸ್ತು ಉಳಿಯುತ್ತದೆ ಎಂಬುದೇ ಅದರ ಹೆಸರಿನ ಅರ್ಥ. ಆ ಮಾತು ಅತ್ತಿಮಬ್ಬೆಗೆ ಸಾವಿರ ವರ್ಷ ಮೊದಲೇ ಗೊತ್ತಿತ್ತು, ಅದೂ ಒಂದೊಂದು ಪ್ರತಿಗೂ ಒಬ್ಬ ಲಿಪಿಕಾರ ತಿಂಗಳುಗಟ್ಟಲೆ ಕೂರಬೇಕಾಗಿದ್ದ ಕಾಲದಲ್ಲಿ.

ಹನುಮಾನ್ ಘಾಟ್‌ನಲ್ಲಿ ನಮ್ಮ ಕರಾವಳಿ ಕಡೆಯ ಒಬ್ಬ ವೃದ್ಧ ಪುರೋಹಿತರಿದ್ದಾರೆ. ಯಾತ್ರಿಕರ ವಂಶಾವಳಿ ಬರೆದಿಡುವ ಪುಸ್ತಕಗಳು, ಇಲ್ಲಿನವರ ಬಾಯಲ್ಲಿ ‘ಬಹಿ’, ಅವರ ಮನೆಯಲ್ಲೂ ಇವೆ. ಹಾಳಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. “ಹಾಳಾಗದೆ ಇರ್ತದಾ ಮಾರಾಯ್ರೇ, ಹುಳ ತಿಂತದೆ, ಗಂಗೆಯ ನೆರೆ ಬರ್ತದೆ. ಮಳೆಗಾಲ ಮುಗಿದ ಮೇಲೆ ಬಿಸಿಲಿಗೆ ಹಾಕುದು, ತೀರಾ ಹಳತಾದ್ದನ್ನು ಹೊಸ ಪುಸ್ತಕಕ್ಕೆ ನಕಲು ಮಾಡುದು. ನಮ್ಮ ಅಪ್ಪ ಮಾಡಿದ್ರು, ನಾನು ಮಾಡಿದೆ,” ಅಂದರು. ಆಮೇಲೆ ಅವರೇ ಕೇಳಿದರು, “ನಿಮ್ಮ ಡಿಸ್ಕಿಗೆ ಎಷ್ಟು ವರ್ಷ ಆಯುಷ್ಯ?” ಐದು ವರ್ಷ ಎಂದು ಹಿಡಿಯಬಹುದು ಅಂದೆ. “ಅಷ್ಟೇಯಾ?” ಅಂದು ಸುಮ್ಮನಾದರು.

ಅಷ್ಟೇ. ಡಿಜಿಟಲ್ ಎಂದರೆ ಶಾಶ್ವತ ಎಂಬ ನಂಬಿಕೆ ನಮ್ಮ ಆಡಳಿತದಲ್ಲಿ ಬೇರೂರಿದೆ. ಅದನ್ನು ಮೊದಲು ಕೀಳಬೇಕು. ತಾಳೆಗರಿ ಇನ್ನೂರು ಮುನ್ನೂರು ವರ್ಷ ಯಾರೂ ಮುಟ್ಟದಿದ್ದರೂ ಬಾಳಬಹುದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಸಿಕ್ಕ ‘ಅರ್ಥಶಾಸ್ತ್ರ’ದ ಪ್ರತಿ, ಅದಕ್ಕೂ ಮೊದಲು ಅದೆಷ್ಟೋ ಕಾಲ ಯಾರ ಗಮನಕ್ಕೂ ಬಾರದೆ ಒಂದು ಕಟ್ಟಿನಲ್ಲಿ ಮಲಗಿತ್ತು. ಡಿಜಿಟಲ್ ಕಡತಕ್ಕೆ ಆ ಸೌಭಾಗ್ಯವಿಲ್ಲ. ಮುಟ್ಟದೆ ಬಿಟ್ಟರೆ ಅದು ಮಲಗುವುದಿಲ್ಲ, ಸಾಯುತ್ತದೆ. ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದರೆ ಬ್ರೌಸರ್ ‘ಇದು ಅಪಾಯಕಾರಿ ತಾಣ’ ಎನ್ನುತ್ತದೆ. ಪಿಎಚ್‌ಪಿಯ ಹಳೆಯ ಆವೃತ್ತಿಯಲ್ಲಿ ಬರೆದ ಪುಟ ಹೊಸ ಆವೃತ್ತಿಯಲ್ಲಿ ಓಡುವುದಿಲ್ಲ. 2020ರ ಕೊನೆಯ ದಿನ ಅಡೋಬಿ ಕಂಪನಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದಾಗ, ಅದರಲ್ಲಿ ಮಾಡಿದ್ದ ಮಕ್ಕಳ ಭಾಷಾಪಾಠಗಳು, ಅಕ್ಷರ ಕಲಿಸುವ ಆಟಗಳು ಜಗತ್ತಿನಾದ್ಯಂತ ಒಟ್ಟಿಗೆ ಕಣ್ಣುಮುಚ್ಚಿದವು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಕೊಟ್ಟ ಅಂಕಿ ಇದು: 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷದ ನಂತರ ಸಿಗುತ್ತಿಲ್ಲ.

ಕನ್ನಡಕ್ಕೆ ಇದರ ಮೇಲೆ ಇನ್ನೊಂದು ಹೊರೆ ಇದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ, ಅಂದರೆ ಯೂನಿಕೋಡ್‌ಗೆ ಮುಂಚಿನ ಪದ್ಧತಿಯಲ್ಲಿ, ಟೈಪಾದ ಸಂಶೋಧನಾ ಪ್ರಬಂಧಗಳು ಲೆಕ್ಕವಿಲ್ಲದಷ್ಟಿವೆ. ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತವೆ. ಅದರಿಂದ ಒಂದು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಯಂತ್ರದ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಹುಡುಕಿದರೆ ಸಿಗದು, ಕುರುಡರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅರ್ಥವಾಗದು, ಎಲ್ಲರೂ ಮಾತಾಡುವ ಕೃತಕ ಬುದ್ಧಿಮತ್ತೆಗೂ ದಕ್ಕದು. ಒಬ್ಬರು ಐದು ವರ್ಷ ಹಳ್ಳಿ ಹಳ್ಳಿ ಸುತ್ತಿ ಬರೆದ ಪಿಎಚ್‌ಡಿ ಪ್ರಬಂಧ ಅಂತರಜಾಲದಲ್ಲಿ ಇದ್ದೂ ಇಲ್ಲದಂತೆ.

ಹಾಗಾದರೆ ಉಳಿದದ್ದು ಯಾವುದು, ಏಕೆ ಉಳಿಯಿತು ಎಂದು ನೋಡಬೇಕು. ಪ್ರಬಂಧಗಳ ವಿಷಯಕ್ಕೇ ಬಂದರೆ ‘ಶೋಧಗಂಗಾ’ ಇದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ಇಂದು 5 ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ. ತಾಣ ಚೆಂದವಾಗೇನೂ ಇಲ್ಲ. ಕೆಲವೊಮ್ಮೆ ಆಮೆಯೇ ವಾಸಿ. ಆದರೆ ಇದೆ. ಯುಜಿಸಿ 2009ರಲ್ಲಿ ನಿಯಮ ಮಾಡಿತು, ಒಂದು ಕಾಯಂ ಸಂಸ್ಥೆಗೆ ಹೊಣೆ ಕೊಟ್ಟಿತು, ಆ ಸಂಸ್ಥೆಯಲ್ಲಿ ಸಂಬಳ ಪಡೆಯುವ ಜನರಿದ್ದಾರೆ. ಇಷ್ಟೇ ಗುಟ್ಟು. ನನ್ನ ಓಣಿಯ ಉದಾಹರಣೆಯನ್ನೇ ಕೊಡುತ್ತೇನೆ. ಕವಿ ಸುಬ್ರಹ್ಮಣ್ಯ ಭಾರತಿ ಹುಡುಗನಾಗಿದ್ದಾಗ ಇದ್ದ ಮನೆ ಹನುಮಾನ್ ಘಾಟ್‌ನಲ್ಲಿದೆ. ತಮಿಳುನಾಡು ಸರ್ಕಾರ 2022ರಲ್ಲಿ ಅಲ್ಲಿ ಸ್ಮಾರಕ ಮಾಡಿತು. ಅದೇ ಸರ್ಕಾರ 2001ರಲ್ಲೇ ತಮಿಳಿಗಾಗಿ ಅಂತರಜಾಲ ವಿಶ್ವವಿದ್ಯಾಲಯವೊಂದನ್ನು ಸ್ಥಾಪಿಸಿತ್ತು. ಇಂದು ಅದು ತಮಿಳ್ ವರ್ಚುವಲ್ ಅಕಾಡೆಮಿ ಎಂಬ ಹೆಸರಿನಲ್ಲಿ ತಮಿಳಿನ ಡಿಜಿಟಲ್ ಗ್ರಂಥಾಲಯ ನಡೆಸುತ್ತಿದೆ. ಆಡಳಿತ ಪಕ್ಷ ಎಷ್ಟು ಸಲ ಬದಲಾದರೂ ಸಂಸ್ಥೆ ನಿಂತಿಲ್ಲ.

ನಮ್ಮಲ್ಲಿ ‘ಕಣಜ’ 2009ರ ಕೊನೆಗೆ ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ ಹುಟ್ಟಿತು. ಎಷ್ಟು ಜನ ಹೊರನಾಡ ಕನ್ನಡಿಗರಿಗೆ ಅದು ಆಗ ಆಸರೆಯಾಗಿತ್ತು ಎಂದು ನೆನಪಿಸಿಕೊಳ್ಳಿ. ಮುಂದೆ ಅದು ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಬಂತು, ವಿಳಾಸವೂ ಬದಲಾಯಿತು. ಇಲಾಖೆಯ ಹತ್ತಾರು ಕೆಲಸಗಳಲ್ಲಿ ಅದು ಒಂದಾಗುವುದು ಬೇರೆ, ಅದಕ್ಕಾಗಿಯೇ ಒಂದು ಸಂಸ್ಥೆ ಇರುವುದು ಬೇರೆ.

ಇನ್ನೊಂದು ಬಗೆಯ ಉಳಿವು ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ್ದು. ನೂರಾರು ವಿದ್ವಾಂಸರು ದಶಕಗಳ ಕಾಲ ದುಡಿದ 14 ಸಂಪುಟಗಳ ಕೃತಿ. ವಿಶ್ವವಿದ್ಯಾಲಯ 2014ರಲ್ಲಿ ಅದರ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಯಾರು ಬೇಕಾದರೂ ನಕಲು ಮಾಡಿ ಬಳಸಬಹುದು, ಮೂಲವನ್ನು ಹೇಳಿದರೆ ಸಾಕು. ಅಂದಿನಿಂದ ಅದರ ಪಠ್ಯ ವಿಕಿಸೋರ್ಸ್‌ನಲ್ಲಿದೆ, ವಿಕಿಪೀಡಿಯದ ಸಾವಿರಾರು ಲೇಖನಗಳೊಳಗೆ ಬೆರೆತಿದೆ. ನಾಳೆ ವಿಶ್ವವಿದ್ಯಾಲಯದ ತಾಣ ಮುಚ್ಚಿದರೂ ಅದು ಸಾಯುವುದಿಲ್ಲ. ಒಂದು ರೂಪಾಯಿ ಖರ್ಚಿಲ್ಲದ ಸಹಿ ಅದು. ನನ್ನ ಪ್ರಕಾರ ಕನ್ನಡದ ಯಾವ ವಿಶ್ವವಿದ್ಯಾಲಯವೂ ಡಿಜಿಟಲ್ ಉಳಿವಿಗಾಗಿ ಇದಕ್ಕಿಂತ ದೊಡ್ಡ ಕೆಲಸ ಮಾಡಿಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ಬಿಡುತ್ತಿರುವುದೂ ಇದೇ ದಾರಿಯ ಕೆಲಸ. ರಸ್ತೆ ಅಗಲಿಸುವಾಗ ಕಲ್ಲು ಒಡೆದರೂ ಅದರ ಅಕ್ಷರ ಎಲ್ಲೋ ಇರುತ್ತದೆ.

ವಿದೇಶದ ಎರಡು ಪ್ರಯೋಗಗಳನ್ನು ಇಲ್ಲಿ ಹೇಳಲೇಬೇಕು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ 2015ರಲ್ಲಿ ಒಂದು ಡಿಜಿಟಲ್ ಪ್ರಯೋಗಾಲಯ ಶುರುವಾದಾಗ ಅವರಿಗೆ ಬಳುವಳಿಯಾಗಿ ಬಂದದ್ದು ಸುಮಾರು 100 ಹಳೆಯ ಯೋಜನೆಗಳು. ಅವರು ಮಾಡಿದ್ದು ಬಹಳ ಸಾದಾ ಕೆಲಸ: ಒಂದೊಂದು ಯೋಜನೆಯ ಪ್ರಾಧ್ಯಾಪಕರನ್ನೂ ಕೂರಿಸಿಕೊಂಡು ಮಾತಾಡಿದರು. ಇದನ್ನು ಬದುಕಿಸಿಡಬೇಕೇ, ಹಾಗಿದ್ದರೆ ವರ್ಷಕ್ಕೆ ಇಷ್ಟು ಖರ್ಚು ಎಂದು ಲಿಖಿತ ಒಪ್ಪಂದ. ಹಣವಿಲ್ಲದಿದ್ದರೆ ಬೇರೆಡೆಗೆ ಸಾಗಿಸುವುದು, ಇಲ್ಲವೇ ಚಲನೆಯಿಲ್ಲದ ಸಾದಾ ಪುಟಗಳಾಗಿ ಮಾಡಿ ದಾಖಲೆಗೆ ಸೇರಿಸುವುದು. ಕೆಲವಕ್ಕೆ ಗೌರವದ ವಿದಾಯ. ಈ ಕೊನೆಯದು ನಮ್ಮಲ್ಲಿ ಯಾರಿಗೂ ಇಷ್ಟವಾಗದ ಮಾತು. ಆದರೆ ಎಲ್ಲವನ್ನೂ ಉಳಿಸುತ್ತೇವೆ ಎನ್ನುವವರು ಕೊನೆಗೆ ಯಾವುದನ್ನೂ ಉಳಿಸದೆ ಇರುವುದನ್ನು ನಾನು ಸಾಕಷ್ಟು ನೋಡಿದ್ದೇನೆ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯೋಜನೆಯ ಮುಕ್ತಾಯವನ್ನು ಮೊದಲ ದಿನವೇ ಯೋಚಿಸಿ ಎನ್ನುತ್ತಾರೆ. ಡೇಟಾಬೇಸ್ ಬೇಡ, ಸರ್ವರ್ ಮೇಲೆ ಓಡಬೇಕಾದ ತಂತ್ರಾಂಶ ಬೇಡ, ಸಾದಾ ಎಚ್‌ಟಿಎಂಎಲ್ ಪುಟಗಳಾಗಿ ಹೊರಬರಲಿ. ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟರೂ ತೆರೆಯಬೇಕು. ಮೇಲೆ ಹೇಳಿದ ಜನಪದ ಹಾಡಿನ ತಾಣವನ್ನು ನಾವು ಹಾಗೆಯೇ ಮತ್ತೆ ಕಟ್ಟಿದೆವು. ಸೊಗಸು ಕಡಿಮೆ, ಆಯುಷ್ಯ ಹೆಚ್ಚು.

‘ಕ್ಲೌಡ್‌ಗೆ ಹಾಕಿದರೆ ಆಯಿತಲ್ಲ’ ಎಂದು ನನ್ನ ಬೆಂಗಳೂರಿನ ಗೆಳೆಯರು ಹೇಳುತ್ತಾರೆ. ಕ್ಲೌಡ್ ಎಂದರೆ ಬಾಡಿಗೆ ಮನೆ. ಗೂಗಲ್ ಕಂಪನಿ ವಿಶ್ವವಿದ್ಯಾಲಯಗಳಿಗೆ ಮಿತಿಯಿಲ್ಲದ ಸಂಗ್ರಹ ಕೊಡುತ್ತಿತ್ತು. 2021ರಲ್ಲಿ ನಿಯಮ ಬದಲಿಸಿ, ಮರುವರ್ಷದಿಂದ ಉಚಿತ ಸೇವೆಯಲ್ಲಿ ಇಡೀ ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಎಂದಿತು. ಆವತ್ತು ಎಷ್ಟೋ ವಿಭಾಗಗಳಲ್ಲಿ ಏನನ್ನು ಅಳಿಸುವುದು ಎಂಬ ಚರ್ಚೆ ನಡೆಯಿತು. ಓನರ್ ಮನೆ ಖಾಲಿ ಮಾಡಿ ಎಂದಾಗ ಸಾಮಾನು ಎಲ್ಲಿಡುವುದು ಎಂಬ ಪ್ರಶ್ನೆ ಬೆಂಗಳೂರಿನವರಿಗೆ ನಾನು ವಿವರಿಸಬೇಕಾಗಿಲ್ಲ.

ಖರ್ಚಿನ ಲೆಕ್ಕಕ್ಕೆ ಬರೋಣ. ಒಂದು ಲಕ್ಷ ಹಸ್ತಪ್ರತಿಗಳಿರುವ ಒಂದು ಭಂಡಾರ ಎಂದುಕೊಳ್ಳಿ. ಹಸ್ತಪ್ರತಿಗೆ ಸರಾಸರಿ 50 ಗರಿ, ಎರಡೂ ಬದಿ ಸೇರಿ 100 ಚಿತ್ರ, ಚಿತ್ರಕ್ಕೆ 30 ಮೆಗಾಬೈಟ್ ಎಂದು ಅಂದಾಜು ಹಿಡಿದರೆ ಒಟ್ಟು 300 ಟೆರಾಬೈಟ್. ಮೂರು ಪ್ರತಿ ಬೇಕು, ಅದರಲ್ಲಿ ಒಂದು ಬೇರೆ ಊರಿನಲ್ಲಿರಬೇಕು: 900 ಟೆರಾಬೈಟ್. ಕೊರಿಯಾದಲ್ಲಿ ಸುಟ್ಟದ್ದಕ್ಕಿಂತ ಸ್ವಲ್ಪ ಹೆಚ್ಚು. 18 ಟೆರಾಬೈಟಿನ 50 ಡಿಸ್ಕ್‌ಗಳು ಸಾಕು. ತಲಾ 40 ಸಾವಿರ ಎಂದರೂ 20 ಲಕ್ಷ. ಐದು ವರ್ಷಕ್ಕೊಮ್ಮೆ ಬದಲಿಸಿದರೆ ವರ್ಷಕ್ಕೆ 4 ಲಕ್ಷ ಬೀಳುತ್ತದೆ. ಇದನ್ನು ನೋಡಿಕೊಳ್ಳಲು ಒಬ್ಬ ಕಾಯಂ ಇಂಜಿನಿಯರ್, ವರ್ಷಕ್ಕೆ 12 ಲಕ್ಷ. ಒಟ್ಟು 16 ಲಕ್ಷ. ಆರೂವರೆ ಶೇಕಡಾ ಬಡ್ಡಿಯಲ್ಲಿ ವರ್ಷಕ್ಕೆ ಇಷ್ಟು ಹುಟ್ಟಬೇಕಾದರೆ ಸುಮಾರು ಎರಡೂವರೆ ಕೋಟಿಯ ಇಡುಗಂಟು ಬೇಕು. ಹಣದುಬ್ಬರ, ವಿದ್ಯುತ್ತು ಸೇರಿಸಿದರೆ ಇನ್ನೂ ಹೆಚ್ಚು ಅನ್ನಿ. ಆದರೂ ದೇಶದ ಲೆಕ್ಕದಲ್ಲಿ ಇದು ದೊಡ್ಡ ಹಣವಲ್ಲ. ‘ಒಂದು ದೇಶ ಒಂದು ಚಂದಾ’ ಯೋಜನೆಯಡಿ ವಿದೇಶಿ ಪ್ರಕಾಶಕರ ನಿಯತಕಾಲಿಕಗಳನ್ನು ಓದಲು ಮೂರು ವರ್ಷಕ್ಕೆ 6,000 ಕೋಟಿ ಕೊಡಲು ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿತು. ಅದು ಬೇಡವೆಂದಲ್ಲ, ನನ್ನಂಥವರಿಗೆ ಅದರಿಂದ ನಿಜಕ್ಕೂ ಉಪಕಾರವಾಗಿದೆ. ಇನ್ನೊಬ್ಬರು ಬರೆದದ್ದನ್ನು ಓದಲು ಇಷ್ಟು ಕೊಡುವ ನಾವು ನಮ್ಮದನ್ನು ಕಾಯಲು ಎಷ್ಟು ಕೊಡುತ್ತೇವೆ ಎಂದು ಕೇಳಬಹುದಲ್ಲ.

ಯಂತ್ರದ ಕೊರತೆಯಂತೂ ಇಲ್ಲ. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ನ ಮೊದಲ ಯಂತ್ರ ‘ಪರಮ್ ಶಿವಾಯ್’ 2019ರಲ್ಲಿ ಉದ್ಘಾಟನೆಯಾದದ್ದು ಇದೇ ಊರಿನ ಐಐಟಿ-ಬಿಎಚ್‌ಯುನಲ್ಲಿ. ಇಲ್ಲದಿರುವುದು ಹುದ್ದೆ. ಸಂಶೋಧನೆಯ ತಂತ್ರಾಂಶ ಬರೆದು ನೋಡಿಕೊಳ್ಳುವವನನ್ನು ಬ್ರಿಟನ್ನಿನಲ್ಲಿ 2012ರಿಂದ ‘ರಿಸರ್ಚ್ ಸಾಫ್ಟ್‌ವೇರ್ ಇಂಜಿನಿಯರ್’ ಎಂದು ಕರೆದು, ಅದನ್ನೊಂದು ವೃತ್ತಿಯಾಗಿ ಬೆಳೆಸಿದ್ದಾರೆ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಅವನು ‘ಪ್ರಾಜೆಕ್ಟ್ ಹುಡುಗ’. ಹನ್ನೊಂದು ತಿಂಗಳ ಗುತ್ತಿಗೆ, ಒಂದು ದಿನದ ವಿರಾಮ, ಮತ್ತೆ ಗುತ್ತಿಗೆ. ಅವನು ಪುಣೆಗೆ ಹೋಗದೆ ಇನ್ನೇನು ಮಾಡಿಯಾನು?

ಇಲ್ಲಿಗೆ ನಮ್ಮ ಸರದಿ ಬರುತ್ತದೆ. ಈ ಅಂಕಣ ಓದುವವರಲ್ಲಿ ಕಂಪನಿಗಳಲ್ಲಿ ದೊಡ್ಡ ಜಾಗದಲ್ಲಿ ಇರುವವರು ಅನೇಕರಿದ್ದೀರಿ. ಸಿಎಸ್‌ಆರ್ ಹಣ ತರಿಸಬಹುದಲ್ಲ ಎಂದು ಯೋಚಿಸಿರುತ್ತೀರಿ. ನಾನೂ ಆ ದಾರಿಯಲ್ಲಿ ಸಾಕಷ್ಟು ಅಲೆದೆ. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆಗೆ ಜಾಗವಿದೆ. ತೊಡಕು ನಿಯಮಗಳಲ್ಲಿದೆ. 2021ರ ತಿದ್ದುಪಡಿಯ ಪ್ರಕಾರ ‘ಮುಂದುವರಿಯುವ ಯೋಜನೆ’ ಎಂದರೆ ಶುರುವಾದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷದ್ದು. ಇಡುಗಂಟಿಗೆ ಕೊಟ್ಟ ಹಣ ಸಿಎಸ್‌ಆರ್ ಖರ್ಚು ಎನಿಸಿಕೊಳ್ಳುವುದೂ ಇಲ್ಲ. ಹಣವನ್ನು ಎಲ್ಲೋ ಕೂಡಿಟ್ಟು ಕಣ್ಣಿಗೆ ಮಣ್ಣೆರಚುವವರನ್ನು ತಡೆಯಲು ಮಾಡಿದ ನಿಯಮವದು, ಉದ್ದೇಶ ಸರಿಯೇ. ಪರಿಣಾಮ ಮಾತ್ರ ಇದು: ಸ್ಕ್ಯಾನರ್ ಕೊಡಿಸಲು ಕಂಪನಿಯ ಹಣ ಸಿಗುತ್ತದೆ, ಹತ್ತು ವರ್ಷ ಕಾಯಲು ಸಿಗುವುದಿಲ್ಲ. ರಿಬ್ಬನ್ ಕತ್ತರಿಸುವ ಫೋಟೊ ಮೊದಲನೆಯದಕ್ಕೇ ಇರುವುದು ಬೇರೆ ಮಾತು.

ವ್ಯಕ್ತಿಗಳು ಕೊಡುವ ದತ್ತಿಗೆ ಈ ಕಟ್ಟು ಇಲ್ಲ. ದತ್ತಿ ಇಡುವುದರಲ್ಲಿ ಕನ್ನಡಿಗರು ಹಿಂದೆ ಬಿದ್ದವರೂ ಅಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ನೂರಾರು ದತ್ತಿಗಳಿವೆ. ತಂದೆಯ ಹೆಸರಿನಲ್ಲಿ ಉಪನ್ಯಾಸ, ತಾಯಿಯ ಹೆಸರಿನಲ್ಲಿ ಪುಸ್ತಕ ಬಹುಮಾನ. ವಿಶ್ವವಿದ್ಯಾಲಯಗಳಲ್ಲಿ ಚಿನ್ನದ ಪದಕ ಇಟ್ಟವರು ಎಷ್ಟಿಲ್ಲ! ಸರ್ವರ್‌ಗೆ ದತ್ತಿ ಇಟ್ಟವರನ್ನು ನಾನಿನ್ನೂ ಕಂಡಿಲ್ಲ. ನಮ್ಮ ಶಾಸನಗಳನ್ನು ನೋಡಿದರೆ ಇದು ಆಶ್ಚರ್ಯ. ದೇವಾಲಯ ಕಟ್ಟಿಸಿದ ಶಾಸನಗಳಿಗೆ ಸಾಟಿಯಾಗಿ ನಂದಾದೀಪಕ್ಕೆ ಬಿಟ್ಟ ಶಾಸನಗಳಿವೆ. ಇಷ್ಟು ಹೊನ್ನು, ಇದರ ಬಡ್ಡಿಯಿಂದ ದಿನಕ್ಕೆ ಇಷ್ಟು ಎಣ್ಣೆ, ಇದನ್ನು ಈ ಊರಿನ ಇಂಥವರು ನಡೆಸಿಕೊಂಡು ಬರಬೇಕು ಎಂದು ಕಲ್ಲಿನಲ್ಲಿ ಕೊರೆದ ಒಪ್ಪಂದ. ಕಿಂಗ್ಸ್ ಕಾಲೇಜಿನವರು ಕಾಗದದಲ್ಲಿ ಮಾಡಿಸಿಕೊಂಡದ್ದೂ ಅದನ್ನೇ. ಮುರಿದವನಿಗೆ ದಂಡದ ಕಲಮೂ ಇರುತ್ತಿತ್ತು: ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕಪಿಲೆ ಹಸುಗಳನ್ನು ಕೊಂದ ಪಾಪ. ದಿನಾ ಸಂಜೆ ಈ ಘಾಟಿನ ಮೆಟ್ಟಿಲ ಮೇಲೆ ಅಡ್ಡ ಮಲಗಿದ ಹಸುಗಳನ್ನು ದಾಟಿಕೊಂಡು ಹೋಗುವಾಗ ಆ ಸಾಲು ನೆನಪಾಗುವುದುಂಟು.

ಹೊರನಾಡ ಕನ್ನಡಿಗರಿಗಾಗಿ ಇಂಥ ದತ್ತಿ ಇಟ್ಟ ರಾಜನೂ ಇದ್ದ. ಹೊಯ್ಸಳ ಮೂರನೆಯ ನರಸಿಂಹ 1279ರಲ್ಲಿ ಹೆಬ್ಬಾಲೆ ಎಂಬ ಊರಿನ ಹುಟ್ಟುವಳಿಯನ್ನು, ವರ್ಷಕ್ಕೆ 645 ನಿಷ್ಕ, ಕಾಶಿಗೆ ಬಿಟ್ಟ. ಇಲ್ಲಿ ತುರುಷ್ಕರು ಹಾಕುತ್ತಿದ್ದ ತೆರಿಗೆಯನ್ನು ಕರ್ನಾಟಕ, ತೆಲುಗು, ತುಳು ಮುಂತಾದ ಕಡೆಯಿಂದ ಬಂದವರ ಪರವಾಗಿ ಕಟ್ಟಲು, ವಿಶ್ವೇಶ್ವರನ ಪೂಜೆಗೆ ನೆರವಾಗಲು. ಒಂದು ಸಲದ ದಾನವಲ್ಲ, ವರ್ಷ ವರ್ಷ ಬರುವ ಉತ್ಪನ್ನ. ಹನುಮಾನ್ ಘಾಟ್‌ನ ಪಕ್ಕದಲ್ಲೇ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್ ಇದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯ 1916ರ ಫೆಬ್ರುವರಿಯಲ್ಲಿ ಶುರುವಾದಾಗ ಅದರ ಮೊದಲ ಕುಲಾಧಿಪತಿ ನಾಲ್ವಡಿ ಕೃಷ್ಣರಾಜ ಒಡೆಯರು. ಅದೇ ವರ್ಷದ ಜುಲೈಯಲ್ಲಿ ಅವರು ಮೈಸೂರು ವಿಶ್ವವಿದ್ಯಾಲಯವನ್ನೂ ತೆರೆದರು.

ಇಂದು ಕರ್ನಾಟಕದ ವಿಶ್ವವಿದ್ಯಾಲಯಗಳ ಸ್ಥಿತಿ ನಿಮಗೆ ಗೊತ್ತೇ ಇದೆ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಬಿಲ್ಲೂ ಬಾಕಿ ಉಳಿದ ಸುದ್ದಿಯನ್ನು ಓದಿದ್ದೇವೆ. ಹೊಸದಾಗಿ ಶುರುವಾದ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬೇಕೆಂದು ಸಂಪುಟ ಉಪಸಮಿತಿ 2025ರ ಫೆಬ್ರುವರಿಯಲ್ಲಿ ಹೇಳಿತು. ಆಗ ನಡೆದ ಚರ್ಚೆಯಲ್ಲಿ ಕಟ್ಟಡದ ಮಾತು ಬಂತು, ಸಿಬ್ಬಂದಿಯ ಮಾತು ಬಂತು, ವಿದ್ಯಾರ್ಥಿಗಳ ಮಾತು ಬಂತು. ಒಂದು ವಿಶ್ವವಿದ್ಯಾಲಯ ಮುಚ್ಚಿದರೆ ಅದರ ಡಿಜಿಟಲ್ ಕಡತಗಳು, ವೆಬ್‌ಸೈಟ್, ಅಲ್ಲಿ ಸಂಗ್ರಹವಾದ ಸಂಶೋಧನೆ ಯಾರ ವಶಕ್ಕೆ ಹೋಗಬೇಕು ಎಂಬ ಪ್ರಶ್ನೆ ಪತ್ರಿಕೆಗಳಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ನಾನು ಎಲ್ಲ ಕಡೆ ಕೇಳುತ್ತಿರುವುದು ಸಣ್ಣದು. ನಿಮ್ಮ ಹಳೆಯ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದ ಸಭೆಯಲ್ಲಿ ಮುಂದಿನ ಸಲ ಕಮಾನು ಕಟ್ಟಿಸುವ ಮಾತು ಬಂದಾಗ, ಅಲ್ಲಿನ ಡಿಜಿಟಲ್ ಯೋಜನೆಗಳ ಪಟ್ಟಿ ಇದೆಯೇ ಎಂದು ಕೇಳಿ. ಹೆಚ್ಚಿನ ಕಡೆ ಪಟ್ಟಿಯೇ ಇರುವುದಿಲ್ಲ. ಡೊಮೇನ್ ಯಾರ ಹೆಸರಿನಲ್ಲಿದೆ, ಪ್ರತಿ ಎಲ್ಲೆಲ್ಲಿದೆ, ಪರವಾನಗಿ ಯಾವುದು, ನೋಡಿಕೊಳ್ಳುವವರು ಯಾರು: ಒಂದು ಪುಟದಲ್ಲಿ ಬರೆದಿಡಬಹುದಾದ ವಿಷಯ. ವಾರಾಂತ್ಯದಲ್ಲಿ ಎರಡು ಗಂಟೆ ಕೊಡಬಲ್ಲ ಸಾಫ್ಟ್‌ವೇರ್ ಮಂದಿ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹಳೆಯ ನುಡಿ ಅಕ್ಷರದ ಕಡತಗಳನ್ನು ಯೂನಿಕೋಡ್‌ಗೆ ತರುವ ಕೆಲಸಕ್ಕೆ ಕನ್ನಡ ಬಲ್ಲ ಕಣ್ಣೂ ಬೇಕು, ಅದು ಹೈದರಾಬಾದಿನಲ್ಲಿದ್ದರೂ ಆದೀತು, ಹ್ಯೂಸ್ಟನ್‌ನಲ್ಲಿದ್ದರೂ ಆದೀತು.

ಕಳೆದ ತಿಂಗಳು ಒಂದು ಹಸ್ತಪ್ರತಿ ಭಂಡಾರದವರಿಗೆ ಅನುದಾನದ ಅರ್ಜಿ ಬರೆದುಕೊಡಲು ಕೂತಿದ್ದೆವು. ಸ್ಕ್ಯಾನರ್‌ಗೆ ಕಾಲಂ ಇತ್ತು, ಕ್ಯಾಮೆರಾಗೆ ಇತ್ತು, ಉದ್ಘಾಟನಾ ಸಮಾರಂಭಕ್ಕೂ ಇತ್ತು. ಯೋಜನೆ ಮುಗಿದ ನಂತರದ ಹತ್ತು ವರ್ಷದ ನಿರ್ವಹಣೆಗೆ ಇಷ್ಟು ಎಂದು ಒಂದು ಮೊತ್ತ ಬರೆದೆ. ಗುಮಾಸ್ತರು ಕನ್ನಡಕ ಏರಿಸಿ ನೋಡಿ, ಮುಗಿದ ಮೇಲೆ ಎಂಥ ಖರ್ಚು, ಅಂಥ ಶೀರ್ಷಿಕೆಯೇ ಇಲ್ಲ ಎಂದರು. ಅರ್ಧ ಗಂಟೆ ವಾದವಾಯಿತು, ಎರಡು ಸಲ ಚಹಾ ಬಂತು. ಸದ್ಯಕ್ಕೆ ಆ ಮೊತ್ತ ‘ಇತರೆ’ ಎಂಬ ಕಾಲಮ್ಮಿನಲ್ಲಿ ಕೂತು ದೆಹಲಿಗೆ ಹೋಗಿದೆ.